ಶಾಯಿಯ ಬೆರಳು

ನಮ್ಮ ಆವೆರಿಲ್ ಮನೆತನದಲ್ಲಿ ಹಿರಿಯ ಮಗನಿಗೆ ಇಪ್ಪತ್ತೊಂದು ತುಂಬಿದ ದಿನ ಮೊದಲು ಕೈಗೆ ಕೊಡುವುದು ಲೇಖನಿ. ಇಡಿಯಾಗಿ ಬೇಯಿಸಿದ ಎತ್ತು, ಪೀಪಾಯಿಗಟ್ಟಲೆ ಬಿಯರು, ಒಕ್ಕಲುಗಳ ಜಯಕಾರ ಎಲ್ಲ ಆಮೇಲೆ. ಪುಸ್ತಕದ ಕೋಣೆಯಲ್ಲಿ ತಂದೆಯ ಎದುರು ಸಹಿ ಹಾಕಿ, ಶಾಯಿ ಮೆತ್ತಿದ ಬೆರಳನ್ನು ಹೊರಗಿನ ಮೆಟ್ಟಿಲ ಮೇಲೆ ನಿಂತು ಎತ್ತಿ ತೋರಿಸಬೇಕು. ಆ ಬೆರಳು ಕಾಣುವವರೆಗೆ ಅಡುಗೆಯವನು ಎತ್ತಿಗೆ ಚೂರಿ ಹಾಕುವುದಿಲ್ಲ.

ನನ್ನ ಅಣ್ಣ ಗಾಡ್‌ಫ್ರಿ ಸಹಿ ಹಾಕಿದಾಗ ನನಗೆ ಹನ್ನೆರಡು. ಪರದೆಯ ಹಿಂದೆ ಅಡಗಿ ನಿಂತು ಕೇಳಿದ್ದೆ. ವಕೀಲರು ಓದಿದ ಪತ್ರ, ನಡುವೆ ಬಹಳ ಹೊತ್ತಿನ ಮೌನ, ಅಮ್ಮನ ರೇಷ್ಮೆ ಲಂಗದ ಸರಸರ ಸದ್ದು ಮೇಜಿನವರೆಗೆ ಹೋಗಿ ಬಂದದ್ದು, ಹೊರಗೆ ಜನರ ಕೂಗು, ಕೊನೆಗೆ ಲೇಖನಿಯ ಕರಕರ. ಓದು ಬರುವ ಮೊದಲೇ ಪ್ರಾರ್ಥನೆಯ ಪದ್ಯಗಳನ್ನೆಲ್ಲ ಕೇಳಿಯೇ ಕಲಿತವಳು ನಾನು. ಒಮ್ಮೆ ಕಿವಿಗೆ ಬಿದ್ದದ್ದು ಹೋಗುವುದಿಲ್ಲ.

ಆ ಪತ್ರದ ತಿರುಳು ಇಷ್ಟೆ. ತಂದೆಗೆ ಭೂಮಿಯ ಮೇಲೆ ಇರುವುದು ಬದುಕಿರುವಷ್ಟು ಕಾಲದ ಅನುಭೋಗ. ಅವನ ನಂತರ ಮಗನ ಕೈಗೆ ಬಂದರೆ, ಮಗ ಅದನ್ನು ಮಾರಬಹುದು, ಹಂಚಬಹುದು. ಹಾಗಾಗದಿರಲೆಂದು ವಯಸ್ಸು ತುಂಬಿದ ದಿನವೇ ಅವನಿಂದ ಬರೆಸಿಕೊಳ್ಳುತ್ತಾರೆ: ನಾನೂ ಬದುಕಿರುವವರೆಗೆ ಅನುಭವಿಸುವೆನಷ್ಟೆ, ಗೇಣು ನೆಲವನ್ನೂ ಯಾರಿಗೂ ಕೊಡೆನು, ಇನ್ನೂ ಹುಟ್ಟದ ನನ್ನ ಮಗನಿಗೆ ಇದ್ದಂತೆಯೇ ಬಿಟ್ಟುಹೋಗುವೆನು. ಹೀಗೆ ಏಳು ತಲೆಮಾರು. ಮೂರು ಹಳ್ಳಿ, ಎರಡು ಚರ್ಚು, ಪಾರ್ಲಿಮೆಂಟಿನ ಒಂದು ಕುರ್ಚಿ ನಮ್ಮ ಮಾತಿನಂತೆ ನಡೆದವು. ಆದರೆ ನಮ್ಮ ಯಾವ ಗಂಡಸೂ ತನ್ನ ನೆಲದ ಒಡೆಯನಾಗಲಿಲ್ಲ.

ಗಾಡ್‌ಫ್ರಿಯ ಮಗ ಆಂಬ್ರೋಸ್ ಒಂದು ಮಾತು ಕೊಟ್ಟಿದ್ದ. ಊಟದ ಕೋಣೆಯ ಕಿಟಕಿಗೆ ಅಡ್ಡ ಬರುತ್ತದೆಂದು ನಮ್ಮ ಅಜ್ಜ ಸ್ಯಾಲೋ ಎಂಬ ಹಳ್ಳಿಯನ್ನು ಗುಡ್ಡದ ಮೇಲಿಂದ ಕೀಳಿಸಿ, ಕೆಳಗೆ ಜೌಗಿನಲ್ಲಿ ಕಟ್ಟಿಸಿದ್ದರು. ಅಲ್ಲಿ ನೆಲದ ಹಾಸುಗಲ್ಲಿನಡಿ ವರ್ಷವಿಡೀ ನೀರು. ಆಂಬ್ರೋಸನಿಗೆ ಮೊಲೆಯುಣಿಸಿದ ಟ್ಯಾಬಿತಾ ಎರಡು ಮಕ್ಕಳನ್ನು ಚಳಿಜ್ವರಕ್ಕೆ ಕೊಟ್ಟಳು. ಎರಡನೆಯದನ್ನು ಮಣ್ಣು ಮಾಡಿದ ದಿನ ಹದಿನಾರರ ಆಂಬ್ರೋಸ್ ಅವಳ ಕೈ ಹಿಡಿದು, “ನನ್ನ ಕೈಗೆ ಬಂದ ದಿನ ನಿಮ್ಮನ್ನೆಲ್ಲ ಮತ್ತೆ ಗುಡ್ಡದ ಮೇಲೆ ತರ್ತೀನಿ, ನೆಲ ನಿಮ್ಮ ಹೆಸರಿಗೇ ಬರೆದುಕೊಡ್ತೀನಿ” ಎಂದಿದ್ದ.

ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ ಅವನನ್ನು ಗುಲಾಬಿ ತೋಟಕ್ಕೆ ಕರೆದೊಯ್ದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ.

“ಇಷ್ಟೊಂದನ್ನ ಬಾಯಿಪಾಠ ಮಾಡಿದ್ದೀರಾ ಅತ್ತೆ?” ಎಂದು ನಕ್ಕ. ಆಮೇಲೆ ನಗು ನಿಂತಿತು. “ಅಂದ್ರೆ ಸಹಿ ಹಾಕಿದ್ರೆ ಗುಡ್ಡ ನನ್ನದಲ್ಲ.”

“ಯಾವತ್ತಿಗೂ ಅಲ್ಲ, ಕಂದ.”

“ಹಾಗಾದ್ರೆ ಹಾಕಲ್ಲ. ಮುಗೀತು.”

ಆ ದಿನ ಬಂತು. ಹುಲ್ಲುಹಾಸಿನಲ್ಲಿ ನಾನೂರು ಜನ. ಜೌಗಿನವರು ಬೆಳಿಗ್ಗೆ ಏನೂ ತಿನ್ನದೆ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದರು. ಇಷ್ಟು ಮಾಂಸ ಅವರು ಕಾಣುವುದು ತಲೆಮಾರಿಗೊಮ್ಮೆ. ಪುಸ್ತಕದ ಕೋಣೆಯಲ್ಲಿ ನಾವು ನಾಲ್ವರು: ಅಣ್ಣ, ಆಂಬ್ರೋಸ್, ವಕೀಲ ಪಿನಾಕ್, ಮತ್ತು ಸಾಕ್ಷಿ ಹಾಕಲು ನಾನು.

“ನಾನು ಹಾಕಲ್ಲ ಅಪ್ಪ” ಎಂದ ಆಂಬ್ರೋಸ್.

ಅಣ್ಣ ಸಿಟ್ಟಾಗಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದ. ಬೆಂದ ಕೊಬ್ಬಿನ ವಾಸನೆಯ ಜೊತೆ ಮಾತೂ ಒಳಗೆ ಬಂತು.

“ಏನ್ರೀ ಇಷ್ಟೊತ್ತು? ನಂಗೂ ಸೈ ಹಾಕಾಕ್ ಬರಾಕಿಲ್ಲ ದಣಿ, ಒಂದ್ ಗೀಟ್ ಎಳ್ದು ಬಂದ್ಬುಡಿ!”

“ಎತ್ತು ಬೆಂದು ಬೆಂದು ಕರು ಆಗೋಯ್ತು!”

ಎಲ್ಲರಿಗಿಂತ ಜೋರಾಗಿ ಟ್ಯಾಬಿತಾಳ ದನಿ: “ಬೆರಳು ತೋರ್ಸು ನನ್ನಪ್ಪಾ!” ಬೆರಳು ಕಂಡರೆ ಹುಡುಗ ದಣಿಯಾದ, ದಣಿಯಾದರೆ ಗುಡ್ಡ ತಮ್ಮದಾಯಿತು ಎಂದು ಅವಳು ನಂಬಿದ್ದಳು.

“ಇಲ್ಲಿ ಕೂತು ಬೇಡ ಅನ್ನೋದು ಸುಲಭ” ಎಂದ ಅಣ್ಣ. “ಹೋಗು, ಊಟ ಇಲ್ಲ, ಮನೆಗೆ ಹೋಗಿ ಅಂತ ಅವರಿಗೆ ನೀನೇ ಹೇಳು.”

“ಸಹಿ ಇಲ್ಲದೇನೇ ಬಡಿಸಬಹುದಲ್ಲ!”

“ಬೆರಳು ಕಾಣದೆ ಎತ್ತು ಕೊಯ್ದದ್ದು ಈ ಮನೇಲಿ ಇಲ್ಲ.”

ಗಂಟೆ ಎರಡು ಹೊಡೆಯಿತು. ಹೊರಗೆ ಒಂದು ಮಗು ಅಳತೊಡಗಿತು, ಅದರ ಹಿಂದೆ ಇನ್ನೊಂದು. ಆಂಬ್ರೋಸ್ ಬಾಗಿಲಿನವರೆಗೆ ಹೋದ, ಹಿಂದಿರುಗಿದ, ಮತ್ತೆ ಹೋದ. ನನಗೆ ನೋಡಲಾಗಲಿಲ್ಲ. ಎದ್ದು ಅವನ ಕೈ ಹಿಡಿದು ಮೇಜಿನ ಬಳಿ ಕರೆತಂದೆ. ಅವನ ಬೆರಳನ್ನು ಶಾಯಿಯ ದವತಿಯಲ್ಲಿ ಅದ್ದಿದೆ.

“ಮೊದಲು ಅವರು ಉಣ್ಣಲಿ” ಎಂದು ಕಿವಿಯಲ್ಲಿ ಹೇಳಿದೆ. “ಬೆರಳಿಗೆ ಬಿದ್ದ ಶಾಯಿ ಕಾಗದಕ್ಕೆ ಬೀಳಲೇಬೇಕು ಅಂತೇನಿಲ್ಲ.”

ಅಣ್ಣ ನೋಡುತ್ತಿದ್ದ. ತಡೆಯಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆಂಬ್ರೋಸ್ ಮೆಟ್ಟಿಲ ಮೇಲೆ ನಿಂತು ಬೆರಳೆತ್ತಿದ. ಕಿಟಕಿಯ ಗಾಜು ನಡುಗುವಂತೆ ಜನ ಕೂಗಿದರು. ಟ್ಯಾಬಿತಾ ಓಡಿಬಂದು ಆ ಬೆರಳಿಗೆ ಮುತ್ತಿಟ್ಟಳು. ಅವಳ ತುಟಿ ಕಪ್ಪಾಯಿತು, ಅದನ್ನು ಕಂಡು ಎಲ್ಲರೂ ನಕ್ಕರು. ಚೂರಿಗಳು ಆಡತೊಡಗಿದವು.

ಅವನು ಒಳಗೆ ಬಂದಾಗ ಪತ್ರ ಇದ್ದಲ್ಲೇ ಇತ್ತು. ಅಣ್ಣ ಲೇಖನಿಯನ್ನು ಅವನ ಕಡೆ ತಿರುಗಿಸಿಟ್ಟ.

“ನಾನೂರು ಜನರ ಮುಂದೆ ಸಹಿ ಹಾಕಿದೆ ಅಂತ ತೋರಿಸಿ ಬಂದೆ. ಈಗ ಹಾಕು. ಇಲ್ಲ ಅಂದ್ರೆ ಅವರು ಬಾಯಿಗೆ ತುತ್ತಿಡೋ ಮುಂಚೆ ಹೊರಗೆ ಹೋಗಿ, ನಾನು ತೋರಿಸಿದ್ದು ಸುಳ್ಳು ಅನ್ನು.”

ಆಂಬ್ರೋಸ್ ನನ್ನತ್ತ ನೋಡಿದ. ಎಳವೆಯಲ್ಲಿ ಕುದುರೆಯಿಂದ ಬಿದ್ದಾಗ ಹಾಗೆ ನೋಡುತ್ತಿದ್ದ.

“ನಿನ್ನ ಅತ್ತೆ ಮೇಲೆ ಬೇಜಾರು ಮಾಡ್ಕೋಬೇಡ” ಎಂದ ಅಣ್ಣ, ಕಿಟಕಿ ಮುಚ್ಚುತ್ತ. “ನಾನೂ ಅವತ್ತು ಹಾಕಲ್ಲ ಅಂತ ತಲೆ ಆಡಿಸಿ ಕೂತಿದ್ದೆ. ನನ್ನ ಬೆರಳನ್ನ ಅದ್ದಿದ್ದು ಅಮ್ಮ.”

ರೇಷ್ಮೆ ಲಂಗದ ಸರಸರ ನಲವತ್ತು ವರ್ಷದ ಆಚೆಯಿಂದ ಕೇಳಿಸಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದೆ, ಅದೊಂದು ಏನೆಂದು ತಿಳಿದಿರಲಿಲ್ಲ.

ಲೇಖನಿ ಕರಕರ ಎಂದಿತು. ಪಿನಾಕ್ ಶಾಯಿ ಒಣಗಲೆಂದು ಮರಳು ಉದುರಿಸಿ, “ಇಲ್ಲಿ, ಅಮ್ಮಾವ್ರೇ” ಎಂದು ನನ್ನ ಜಾಗ ತೋರಿಸಿದರು. ಲವಿನಿಯಾ ಆವೆರಿಲ್, ಸಾಕ್ಷಿ ಎಂದು ಬರೆದೆ. ಆಂಬ್ರೋಸ್ ಒಲೆಗೂಡಿನ ಕಡೆ ಮುಖ ಮಾಡಿ ನಿಂತಿದ್ದ. ನಾನು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ.

ಹೊರಗೆ ಹುಲ್ಲಿನ ಮೇಲೆ ಟ್ಯಾಬಿತಾ ಮೊಮ್ಮಕ್ಕಳಿಗೆ ಮಾಂಸ ಹರಿದು ಹರಿದು ಕೊಡುತ್ತಿದ್ದಳು. ನನ್ನ ಕೈ ನೋಡಿದಳು.

“ಅಯ್ಯೋ, ನಿಮ್ ಬೆರಳಿಗೂ ಮೆತ್ಕಂಡದಲ್ಲ! ಬಿಸಿ ಹಾಲಲ್ಲಿ ಅದ್ದಿ, ಹೊಂಟೋಯ್ತದೆ.” ಕಪ್ಪು ತುಟಿಯಲ್ಲೇ ನಕ್ಕಳು. “ನಾನು ಮಾತ್ರ ಒರೆಸಾಕಿಲ್ಲ. ಅಮ್ಮಾವ್ರೇ, ಗುಡ್ಡದ ಮ್ಯಾಲೆ ಬಾಗ್ಲು ಯಾವ ಕಡೀಕ್ ಇಡ್ಸನಾ? ಗಾಳಿ ಜಾಸ್ತಿ ಅಲ್ವಾ ಅಲ್ಲಿ?”

ನನ್ನ ಹಿಂದೆ ಪುಸ್ತಕದ ಕೋಣೆಯ ಕಿಟಕಿಗೆ ಪರದೆ ಎಳೆದ ಸದ್ದಾಯಿತು.

“ಬೆಳಗಿನ ಬಿಸಿಲು ಬರೋ ಕಡೆ ಇಡ್ಸು, ಟ್ಯಾಬಿತಾ” ಎಂದೆ.