ಎರಡು ಕಂಬಗಳ ನಡುವಿನ ಜಾಗ

ಮೆಟ್ಟಿಲಿನ ಕೈಹಿಡಿಯ ಕೆಳಗೆ ಸಾಲಾಗಿ ನಿಲ್ಲುವ ಕಂಬಗಳಲ್ಲಿ ನಾನೂ ಒಬ್ಬ. ಜಾತಿಯಿಂದ ಸಾಗವಾನಿ, ಊರು ಗದಗ. ಮೌನೇಶ ಬಡಿಗೇರ ನನ್ನನ್ನು ಲೇಥಿಗೆ ಸಿಕ್ಕಿಸಿ ಉಳಿ ಹಿಡಿದಾಗ ನಾನು ಬರೀ ಚೌಕದ ತುಂಡು. ತಿರುಗಿ ತಿರುಗಿ ತಲೆ ಸುತ್ತಿ ನಿಂತಾಗ ನನಗೊಂದು ಸಣ್ಣ ಕೊರಳು, ಅದರ ಕೆಳಗೆ ದುಂಡು ಹೊಟ್ಟೆ, ಹೊಟ್ಟೆಯ ಸುತ್ತ ಎದ್ದು ಕಾಣುವ ಬಳೆ ಬಂದಿದ್ದವು. ಮನುಷ್ಯರಿಗೆ ಹೊಟ್ಟೆ ಬಂದರೆ ನಗುತ್ತಾರೆ. ನಮ್ಮಲ್ಲಿ ಹೊಟ್ಟೆಯೇ ಚೆಂದ. ನನಗಂತೂ ಜಂಬ ಬಂದುಬಿಟ್ಟಿತು.

ನಮ್ಮನ್ನು ಕಡೆಸಿದವರು ಬಟ್ಟೆ ಅಂಗಡಿಯ ಗುರುಪಾದಪ್ಪ. ಹೊಸ ಮನೆ ಕಟ್ಟಿಸುತ್ತಿದ್ದರು. ಮೆಟ್ಟಿಲಿಗೆ ಎರಡೆರಡು ಕಂಬ ಎಂದು ಮೌನೇಶ ಲೆಕ್ಕ ಹಾಕಿದ್ದ. ಅಷ್ಟರಲ್ಲಿ ವಾಸ್ತು ನೋಡುವವರು ಬಂದು, ಮೆಟ್ಟಿಲು ಸಮ ಸಂಖ್ಯೆಯಲ್ಲಿವೆ, ಬೆಸ ಆಗಬೇಕು ಎಂದರು. ಗೌಂಡಿ ಬುಡದಲ್ಲಿ ಇನ್ನೊಂದು ಮೆಟ್ಟಿಲು ಸೇರಿಸಿದ. ಕಂಬ ಸಾಲದಾದವು.

“ಎರಡು ಕಂಬ ಕಡಿಮಿ ಬೀಳ್ತಾವ್ರೀ ಸಾವಕಾರ್ರ. ಮತ್ತ ಕಡೀಬೇಕಾಕ್ಕೈತಿ,” ಎಂದ ಮೌನೇಶ.

“ನಾಡಿದ್ದ ಗೃಹಪ್ರವೇಶ ಐತಿ. ಇದ್ದದ್ದನ್ನ ಒಂಚೂರು ಸರಿಸಿ ಹೊಂದಿಸು. ಯಾರು ಅಳೀತಾರ?”

ಮೌನೇಶ ನಮ್ಮನ್ನು ದೂರ ದೂರ ಸರಿಸಿ ಕೂರಿಸಿದ. ಕೊನೆಗೆ ನನ್ನ ಹೊಟ್ಟೆಗೂ ಪಕ್ಕದವನ ಹೊಟ್ಟೆಗೂ ನಡುವೆ ಮುಷ್ಟಿ ತೂರಿಸಿದ. ಮುಷ್ಟಿ ಬಿಗಿಯಾಯಿತು. ಸಾಕು ಎಂದು ಎದ್ದ. ಕೊರಳಿನ ಹತ್ತಿರ ತೂರಿಸಿ ನೋಡಲಿಲ್ಲ. ಅಲ್ಲಿ ನಾವು ಸಣ್ಣಗಿದ್ದೇವೆ, ಆದ್ದರಿಂದ ಜಾಗ ದೊಡ್ಡದು. ನನಗೆ ಇದು ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಹೇಳಲು ಬಾಯಿ ಬೇಕಲ್ಲ.

ಗೃಹಪ್ರವೇಶದ ದಿನ ಮನೆ ತುಂಬ ಜನ. ಗುರುಪಾದಪ್ಪನವರ ಸೊಸೆ ಸುವರ್ಣಾ ಕೆಳಗೆ ಹೋಳಿಗೆ ಬಡಿಸುತ್ತಿದ್ದಳು. ಆಗತಾನೆ ನಡೆಯಲು ಕಲಿತ ಅವಳ ಮಗಳು ದಾನವ್ವ ಯಾರ ಕಣ್ಣಿಗೂ ಬೀಳದೆ ಅಂಬೆಗಾಲಲ್ಲಿ ಮೆಟ್ಟಿಲೇರಿ ಬಂದಿತು. ನನ್ನನ್ನು ಹಿಡಿದು ಎದ್ದು ನಿಂತಿತು. ಅವ್ವನನ್ನು ನೋಡಲು ನಮ್ಮ ಕೊರಳುಗಳ ನಡುವೆ ತಲೆ ತೂರಿಸಿತು. ತಲೆ ಆಚೆ ಹೋಯಿತು. ಬೇಡ ಮಗಾ, ಬೇಡ ಎಂದು ನನ್ನ ಜೀವ ಒದ್ದಾಡಿತು. ಮಗುವಿನ ಕಾಲು ಸೋತು ಕುಸಿಯಿತು. ಅದರ ಕುತ್ತಿಗೆ ಜಾರಿ ನಮ್ಮ ಹೊಟ್ಟೆಗಳ ನಡುವೆ ಸಿಕ್ಕಿಬಿತ್ತು.

ಸುವರ್ಣಾ ಹೋಳಿಗೆ ತಟ್ಟೆ ಬಿಟ್ಟು ಓಡಿ ಬಂದಳು. ಒಬ್ಬರು ಕಾಲು ಹಿಡಿದರು, ಒಬ್ಬರು ಭುಜ ಹಿಡಿದು ಎಳೆದರು. ಮೇಲೆತ್ತಲು ನೋಡಿದರೆ ಗದ್ದ ಬಳೆಗೆ ತಗಲಿತು. ಎಳೆದಷ್ಟೂ ನನ್ನ ಬಳೆ ಮಗುವಿನ ಕಿವಿಯ ಹಿಂದೆ ಕೊರೆಯಿತು. ರಕ್ತ ನನ್ನ ಮೇಲೆ ಇಳಿಯಿತು. ಮಗುವಿನ ಅಳು ಸಣ್ಣದಾಗುತ್ತ ಬಂತು. ಒಂದು ಕೂದಲೆಳೆಯಷ್ಟು ಸರಿದಿದ್ದರೆ ಸಾಕಿತ್ತು. ನನ್ನಿಂದ ಅದೂ ಆಗಲಿಲ್ಲ.

“ಮೌನೇಶಣ್ಣಾ, ಕೊಯ್ದ ಒಗೀರಿ ಅದನ್ನ,” ಎಂದಳು ಸುವರ್ಣಾ.

ಪಂಕ್ತಿಯಿಂದ ಎಂಜಲು ಕೈಯಲ್ಲೇ ಎದ್ದು ಬಂದ ಮೌನೇಶ ಗರಗಸ ಹಿಡಿದ. ಬೇಗ, ಇನ್ನೂ ಬೇಗ ಎಂದು ನಾನೇ ಬೇಡಿಕೊಂಡೆ. ನಾನು ಎರಡಾದೆ. ಮಗು ತಾಯಿಯ ಮಡಿಲಿಗೆ ಬಿದ್ದು ಉಸಿರೆಳೆದುಕೊಂಡಿತು.

ಮರುವಾರ ಕಂಬಗಳನ್ನೆಲ್ಲ ಕಿತ್ತು ಇಟ್ಟಿಗೆಯ ಗೋಡೆ ಎತ್ತಿಸಿದರು. ಉಳಿದವರನ್ನು ಮೌನೇಶ ತಲೆ ತಗ್ಗಿಸಿಕೊಂಡು ಒಯ್ದ. ನನ್ನ ತುಂಡುಗಳನ್ನು ಸುವರ್ಣಾ ಬಚ್ಚಲ ಒಲೆಯ ಪಕ್ಕಕ್ಕೆ ಎಸೆದಳು. ಅವಳ ಸಿಟ್ಟು ನ್ಯಾಯವೇ. ನಿನ್ನೆ ಮೇಲಿನ ತುಂಡು ಉರಿಯಿತು. ಇವತ್ತು ಉಳಿದ ನನ್ನ ಸರದಿ. ಹಂಡೆಯಲ್ಲಿ ನೀರು ತುಂಬಿದೆ.

ಬಾಗಿಲಲ್ಲಿ ಕೂತು ಸುವರ್ಣಾ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಳೆ. ಕಿವಿಯ ಹಿಂದೆ ಬಂದಾಗ ಅವಳ ಬೆರಳು ನಿಲ್ಲುತ್ತದೆ. ಗಾಯ ಮಾಯ್ದಿದೆ, ಗೆರೆ ಉಳಿದಿದೆ. ಇನ್ನು ಸ್ವಲ್ಪ ಹೊತ್ತಿಗೆ ನಾನು ಬೂದಿ. ಆಮೇಲೆ ಈ ಲೋಕದಲ್ಲಿ ನನ್ನದು ಅಂತ ಉಳಿಯುವುದು ಆ ಗೆರೆಯೊಂದೇ.