ನಲವತ್ತನೆಯ ದಿನದ ಹಾಡು

ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿಯ ಮೇಲೆ ಸುರಿದ ಜೇನು ಇನ್ನೂ ಇಳಿದಿಲ್ಲ, ಒಂದೇ ಕಡೆ ನಿಂತು ಮೇಣದಬತ್ತಿಯ ಬೆಳಕಿಗೆ ಹೊಳೆಯುತ್ತಿದೆ, ಚೆನ್ನಾಗಿ ಕಲಸಬೇಕಿತ್ತು, ಆರ್ಖಿಪನಿಗೆ ಜೇನು ಎಲ್ಲ ಕಾಳಿಗೂ ತಾಗಿರಬೇಕು, ಎಂದುಕೊಂಡಳು ಮೆಲಾನಿಯಾ, ಆದರೆ ಗಂಡ ಹೋಗಿ ಇವತ್ತಿಗೆ ನಲವತ್ತು ದಿನ, ಇನ್ನು ಅವನಿಗೆ ಯಾವ ಜೇನು — ಇವತ್ತು ಆತ್ಮ ದೇವರ ಮುಂದೆ ನಿಲ್ಲುತ್ತದೆ, ಪಾದ್ರಿಗಳು ಧೂಪ ಬೀಸುತ್ತಿದ್ದಾರೆ, ಸರ್ಕಾರ ಬೀಗ ಹಾಕಿಸಿದ್ದ ಪೋಲ್ತಾವಾದ ಈ ಚರ್ಚಿನಲ್ಲಿ ಮೊನ್ನೆ ಮೊನ್ನೆಯವರೆಗೂ ಆಲೂಗಡ್ಡೆ ಮೂಟೆ ಇಡುತ್ತಿದ್ದರು, ಸಂತರ ಕಾಲಿನ ಬಳಿ ಇನ್ನೂ ಆ ಮಣ್ಣಿನ ವಾಸನೆ, ಚರ್ಚು ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ. ಅಣೆಕಟ್ಟಿನ ಮೇಲೆ ಮೇಳಗೀತೆ ಬರೆದ, ಎರಡು ಸಿಂಫನಿ ಬರೆದ, ಕೀವ್‌ನಲ್ಲಿ ಸೂಟು ತೊಡಿಸಿ ಪದಕ ಕೊಟ್ಟರು, ಅವನ್ನು ಈಗ ಯಾರೂ ಕೇಳುವುದಿಲ್ಲ, ಹೋಗಲಿ, ಇವತ್ತು ಹಾಡುವ ಇದೊಂದು ಪ್ರಾರ್ಥನೆ ಮಾತ್ರ ಉಳಿಯಿತು — ಬಾ, ಪ್ರಭುವೇ, ನಮ್ಮ ನೆಲಕ್ಕೆ — ಆಗ ದೇವರ ಹೆಸರೆತ್ತಿದರೆ ಕೆಲಸ ಹೋಗುವ ಕಾಲ, ಒಂದು ಪದ ಕಿತ್ತು ಇನ್ನೊಂದನ್ನಿಟ್ಟ, ಬಾ, ಟ್ರ್ಯಾಕ್ಟರೇ, ನಮ್ಮ ನೆಲಕ್ಕೆ, ಸುಗ್ಗಿಯ ಹಾಡೆಂದು ರೇಡಿಯೊದಲ್ಲಿ ಮೂವತ್ತು ವರ್ಷ ಬಂತು, ಊರಿಗೆ ಊರೇ ಹಾಡಿತು, ಒಲೆಯ ಮುಂದೆ ಅವಳೂ ಗುನುಗಿದಳು, ಹಾಡು ಬಂದಾಗಲೆಲ್ಲ ಬೀಟ್ರೂಟ್ ಹೆಚ್ಚುತ್ತಿದ್ದ ಅವಳ ಕಿವಿಗೆ ಅವನು ಬಗ್ಗಿ ನಿಜವಾದ ಪದ ಉಸುರುತ್ತಿದ್ದ, ನಾನು ಸತ್ತ ಮೇಲಾದ್ರೂ ಸರಿಯಾಗಿ ಹಾಡ್ಸು ಕಣೇ, ಒಂದೇ ಸಲ ಸಾಕು, ದೇವರ ಮುಂದೆ ನಿಲ್ಲೋಕೆ ನಂಗೆ ಮುಖ ಇರುತ್ತೆ.

ಪ್ರೊಕಿಪ್ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಮೇಳದಲ್ಲಿ ಮಂದ್ರ ಹಾಡುವ ಮುದುಕ, ಹಿಂದೆ ಸಾಮೂಹಿಕ ಹೊಲದ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಅಭ್ಯಾಸದಲ್ಲಿ ಪ್ರತಿ ಸಲವೂ ಆ ಪದದ ಹತ್ತಿರವೇ ಜಾರಿದ್ದ, ಮೇಳ ನಡೆಸುವ ಯಾರಿನಾ ರೇಗಿದ್ದಳು, ಅಜ್ಜಾ, ದೇವರನ್ನ ಕರೀರಿ ಅಂದ್ರೆ ಮತ್ತೆ ಟ್ರ್ಯಾಕ್ಟರ್ ತರ್ತೀರಲ್ಲ, ಏನ್ಮಾಡ್ಲಿ ಮಗಳೇ, ದೇವ್ರು ನನ್ ಮಾತು ಯಾವತ್ತು ಕೇಳ್ದ, ಟ್ರ್ಯಾಕ್ಟರಾದ್ರೂ ಒದ್ರೆ ಶುರುವಾಗ್ತಿತ್ತು, ಎಲ್ಲರೂ ನಕ್ಕರು, ಮೆಲಾನಿಯಾ ನಗಲಿಲ್ಲ, ಪ್ರೊಕಿಪಣ್ಣ, ಆ ಪದ ಬಂದಾಗ ನೀವು ಬಾಯಿ ಮುಚ್ಕೊಂಡ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ — ಹಾಡು ಎದ್ದಿತು, ಮೊದಲು ಹೆಂಗಸರ ದನಿ, ಅವನು ಬರೆದ ಹಾಗೆಯೇ, ನೆಲಕ್ಕೆ ಹತ್ತಿರ, ಆಮೇಲೆ ಮೆಲ್ಲಗೆ ಮೇಲಕ್ಕೆ, ಅವಳ ಕಣ್ಣು ಪ್ರೊಕಿಪನ ಬಾಯಿಯ ಮೇಲೆ, ಬಿಳಿ ಮೀಸೆಯ ಕೆಳಗಿನ ಕಪ್ಪು ಗುಂಡಿ, ಮುಚ್ಚು, ಅಣ್ಣಾ, ಮುಚ್ಚು, ಬಾ ಎಂದರು ಎಲ್ಲರೂ, ಆ ಬಾಯಿ ಮುಚ್ಚಿತು, ದೇವರ ದಯೆ, ಪ್ರಭುವೇ ಎಂದಿತು ಮೇಳ, ಅದೇ ಕ್ಷಣ ಟ್ರ್ಯಾಕ್ಟರೇ ಎಂದಿತು ಒಂದು ದನಿ, ಗಟ್ಟಿಯಾಗಿ, ತೀರ ಹತ್ತಿರದಲ್ಲಿ, ಮುದಿ ಹೆಂಗಸಿನದು, ಒಲೆಯ ಮುಂದೆ ವರ್ಷಗಟ್ಟಲೆ ಗುನುಗಿ ಪಳಗಿದ ದನಿ, ಯಾರು, ಯಾರದು — ಪ್ರೊಕಿಪ್ ತಿರುಗಿ ಅವಳನ್ನೇ ನೋಡುತ್ತಿದ್ದಾನೆ, ತುಟಿ ಬಿಗಿದಿದೆ, ಮುಚ್ಚಿದ ಬಾಯಿ, ಬಿಳಿ ಮೀಸೆ, ಮುಚ್ಚಿದ ಬಾಯಿ.