ಕುಂಕುಮ ಹಚ್ಚಿದ ಕಾರ್ಡ್

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಷ್ಟರಲ್ಲಿ ಅಂಗಳದಲ್ಲಿ ಬೈಕಿನ ಸದ್ದಾಯಿತು. ಮೈದುನ ಸುಭಾಸ. ಹುಬ್ಬಳ್ಳಿಯಿಂದ ಯರಗುಪ್ಪಿಗೆ ಅವನು ಬರುವುದು ಯಾವಾಗಲೂ ರೊಟ್ಟಿ ಬಿಸಿಯಿರುವ ಹೊತ್ತಿಗೇ.

“ವೈನೀ, ಒಲಿ ಆಮ್ಯಾಲೆ. ಶಿವಾನಿ ಕಂಪ್ಯೂಟರ್ ಇವತ್ತ ಅಗದಿ ಹೊಸಾದು ಮಾಡಿಬಿಡ್ತೀನಿ, ಬರ್ರಿ.”

ಒಲೆ ಆರಿಸಿ, ಹಿಟ್ಟಿನ ಕೈ ತೊಳೆದು ಹೋದೆ.

ತನ್ನ ಮಗನಿಗೆ ಹೊಸ ಗೇಮಿಂಗ್ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಹೋದ ದೀಪಾವಳಿಗೆ ನನ್ನ ಮಗಳಿಗೆ ಕೊಟ್ಟವನು ಇವನೇ. ಕೊಟ್ಟ ಎಂದರೆ ಸಾಲದು, ಓಣಿಗೆಲ್ಲ ಕೇಳುವಂತೆ ಕೊಟ್ಟ. ಶಿವಾನಿ ಅದರಲ್ಲಿ ಊರು ಕಟ್ಟುವ ಆಟವಾಡಿ ನಮ್ಮ ಊರನ್ನೇ ಕಟ್ಟಿದಳು. ಕೆರೆ, ಓಣಿ, ಹಿಟ್ಟಿನ ಗಿರಣಿ. ಕಟ್ಟೆಯ ಮೇಲೆ ಕೂರಿಸಲು ಆಟದಲ್ಲಿ ಅಜ್ಜಿ ಸಿಗಲಿಲ್ಲವೆಂದು ಒಂದು ಕೋಳಿ. ಯುಗಾದಿಗೆ ಮುಂಚೆ ಸುಭಾಸ, “ಧೂಳ ತೆಗಿಸ್ಕೊಂಡ ಬರ್ತೀನಿ” ಎಂದು ಕಂಪ್ಯೂಟರಿನ ಪೆಟ್ಟಿಗೆಯನ್ನು ಹುಬ್ಬಳ್ಳಿಗೆ ಒಯ್ದು ತಂದ. ಅಂದಿನಿಂದ ತೆರೆಯ ಮೇಲೆ ಕೆರೆ ತುಂಡುತುಂಡಾಗಿ ಬರುತ್ತದೆ. ಗಿರಣಿ ಬರುವುದೇ ಇಲ್ಲ.

ಸುಭಾಸನಲ್ಲಿ ಕಾರಣಗಳಿಗೆ ಬರವಿಲ್ಲ. ಮೊದಲು ಎರೆಮಣ್ಣಿನ ಧೂಳು ಎಂದ. ಆಮೇಲೆ ನಮ್ಮೂರ ಕರೆಂಟು. ಆಮೇಲೆ ನನ್ನ ಜೋಳದ ಹಿಟ್ಟು. ಹೋದ ಸಲ, “ಹುಡಿಗಿ ಭಾಳ ಆಡಿ ಕೆಡಿಸ್ಯಾಳ” ಎಂದು ಹೇಳಿ ಎರಡು ಬಟ್ಟಲು ಪಾಯಸ ಕುಡಿದು ಹೋದ. ಆ ಮಾತು ಕೇಳಿದ ಮೇಲೆ ನನ್ನ ಮಗಳು ಕೈಯನ್ನು ಫ್ರಾಕಿಗೆ ಒರೆಸಿಕೊಂಡೇ ಕಂಪ್ಯೂಟರ್ ಮುಟ್ಟುತ್ತಾಳೆ, ಹೆದರಿ ಬೇಗ ಬಂದ್ ಮಾಡುತ್ತಾಳೆ. ತಾನು ಮುಟ್ಟಿದ್ದೆಲ್ಲ ಕೆಡುತ್ತದೆ ಎಂದು ಒಂಬತ್ತು ವರ್ಷದ ಮಗು ನಂಬಿಬಿಟ್ಟಿದೆ.

ಇವತ್ತು ಅವನು ಹೊಸ ರ‍್ಯಾಮ್ ತಂದಿದ್ದ. ಕಂಪ್ಯೂಟರಿನ ವೇಗ ಹೆಚ್ಚಿಸುವ, ಗೇಣುದ್ದವೂ ಇಲ್ಲದ ಒಂದು ಪಟ್ಟಿ. ಆಪರೇಷನ್‌ಗೆ ನಿಂತ ಡಾಕ್ಟರನ ಮುಖದಲ್ಲೂ ಅಷ್ಟು ಗತ್ತು ಇರಲಾರದು.

“ಶಿವಾನಿ, ಬ್ಯಾಟರಿ ಬೆಳಕ ಹಿಡಿ, ಅಲಗ್ಯಾಡಿಸಬ್ಯಾಡ. ವೈನೀ, ನೀವು ಬಾಜೂಕ ನಿಂದರ್ರಿ. ಇದು ರೊಟ್ಟಿ ಬಡದಂಗ ಅಲ್ಲ.”

“ಹೌದಪಾ. ರೊಟ್ಟಿ ಆಗಿದ್ರ ನೀ ಬಡಿಯೂದಿಲ್ಲ, ತಿಂತಿ ಅಷ್ಟ.”

ಅವನು ನಕ್ಕ. ನನ್ನ ತಿರಸ್ಕಾರ ಅವನಿಗೆ ಚೇಷ್ಟೆಯಾಗಿ ಕೇಳುತ್ತದೆ. ಅದೊಂದು ಅವನ ಅದೃಷ್ಟ.

ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಪಟ್ಟಿ ಕೂರಿಸಿ, ಕಂಪ್ಯೂಟರ್ ಚಾಲು ಮಾಡಿದ. ಊರು ಬಂತು. ಕೆರೆ ತುಂಡುತುಂಡು. ಗಿರಣಿ ಇಲ್ಲ.

“ನನ್ನ ಮಗಂದು ನೋಡ್ರಿ, ನೀರ ಹರದಂಗ ಓಡತೈತಿ. ಎಲ್ಲಾ ಇಟ್ಕೊಳ್ಳೂ ಮಂದಿ ಮ್ಯಾಲಿರ್ತೈತಿ, ವೈನೀ.”

ಶಿವಾನಿ ಹಿಡಿದ ಬೆಳಕು ಪೆಟ್ಟಿಗೆಯೊಳಗೆ ಒಂದೇ ಕಡೆ ನಿಂತಿತ್ತು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ. ನಾನೂ ಬಾಗಿ ನೋಡಿದೆ. ದೀಪಾವಳಿಯ ಪೂಜೆಗೆ ಸುಭಾಸನೇ ಮುಚ್ಚಳ ತೆಗೆದು, “ಇದರ ಜೀವ ಎಲ್ಲಾ ಇದರಾಗೈತಿ” ಎಂದು ಆ ಕಾರ್ಡ್ ತೋರಿಸಿದ್ದ. ರೊಟ್ಟಿಯಷ್ಟು ಉದ್ದ, ಎರಡು ಫ್ಯಾನು. ಟ್ರ್ಯಾಕ್ಟರಿಗೆ, ಕುಡಗೋಲಿಗೆ ಹಚ್ಚಿದ ಹಾಗೆಯೇ ಶಿವಾನಿ ಅದರ ಬೆನ್ನಿಗೂ ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದಳು. ಟ್ರ್ಯಾಕ್ಟರಿಗೆ ಇಟ್ಟದ್ದು ಮಳೆ ಹೊಡೆದರೂ ಇನ್ನೂ ಹೋಗಿಲ್ಲ.

ಈಗ ಅಲ್ಲಿ ಕೂತಿದ್ದದ್ದು ಅಂಗೈಯಷ್ಟೇ ಇರುವ, ಒಂದೇ ಫ್ಯಾನಿನ ಕಾರ್ಡ್. ಅದರ ಬೆನ್ನು ಬೋಳು.

ಮಗಳು ನನ್ನ ಮುಖ ನೋಡಿದಳು. ದೊಡ್ಡವರಿಗೆ ಎದುರಾಡಬಾರದೆಂದು ಅವಳಿಗೆ ಹೇಳಿಕೊಟ್ಟಿದ್ದೆವು. ನಾನೇ ಕೇಳಬಹುದಿತ್ತು, ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಕೆಡಿಸಿದವಳು ಎಂಬ ಹೆಸರು ಬಂದದ್ದು ಅವಳಿಗೆ.

ಅವಳ ಹೆಗಲ ಮೇಲೆ ಕೈಯಿಟ್ಟೆ. “ಹೆದರಬ್ಯಾಡ ನನ್ನವ್ವಾ. ಏನ ಕೇಳಬೇಕಂತಿ, ಜೋರ್‌ಲೇ ಕೇಳು.”

ಸುಭಾಸನಿಗೆ ಇದ್ದಕ್ಕಿದ್ದಂತೆ ಅವಸರವಾಯಿತು. ಮುಚ್ಚಳ ಎತ್ತಿಕೊಂಡ. “ವೈನೀ, ರೊಟ್ಟಿ ಆರತಾವ, ನಡ್ರಿ.”

ಶಿವಾನಿ ಬೆಳಕನ್ನು ಪೆಟ್ಟಿಗೆಯಿಂದ ಎತ್ತಿ ಅವನ ಮುಖಕ್ಕೆ ಹಿಡಿದಳು.

“ಕಾಕಾ, ನಾ ಕುಂಕುಮ ಹಚ್ಚಿದ ಕಾರ್ಡ್ ಎಲ್ಲೈತ್ರಿ?”